ಬಯಕೆ ಅವರದು, ಹಸಿವೆ ನನ್ನದು

ಬಸುರಿ ಏನನ್ನು ಬಯಸಿದರೂ ಕೊಡಬೇಕು, ಆದರೆ ಎಷ್ಟು ಹಸಿದರೂ ಆಕೆ ಹೊಟ್ಟೆ ತುಂಬ ಉಣ್ಣಬಾರದು. ನಾನು ಸೊಸೆಯಾಗಿ ಸೇರಿದ ಸಿಂಧನೂರಿನ ಮನೆಯಲ್ಲಿ ಈ ಎರಡು ನಿಯಮಗಳೂ ಒಂದೇ ಒಲೆಯ ಮುಂದೆ, ಒಂದಕ್ಕೊಂದು ತಾಕದಂತೆ, ಬಾಳಿಕೊಂಡು ಬಂದಿದ್ದವು. ಬಯಕೆಯೆಂಬುದು ತಾಯಿಯದಲ್ಲ, ಗರ್ಭದೊಳಗಿನ ಶಿಶುವಿನದು. ಅದು ತೀರದಿದ್ದರೆ ಹುಟ್ಟಿದ ಕೂಸಿನ ಕಿವಿ ಸೋರುತ್ತದೆ. ಅನ್ನವೂ ಕೂಸೂ ಇರುವುದು ಒಂದೇ ಹೊಟ್ಟೆಯಲ್ಲಿ. ಅನ್ನವೇ ಜಾಗ ಹಿಡಿದರೆ ಕೂಸು ಎಲ್ಲಿ ಕಾಲು ಚಾಚಬೇಕು? ಇದನ್ನು ನಾನು ಹಗುರವಾಗಿ ಬರೆಯುತ್ತಿಲ್ಲ. ಹೇಳಿದವರು ನನ್ನ ಅತ್ತೆಯವರು, ಮತ್ತು ಅವರು ಅದನ್ನು ಪ್ರೀತಿಯಿಂದಲೇ ಹೇಳಿದ್ದರು.

ನಾನು ಲಿಂಗಸುಗೂರಿನವಳು. ತಂದೆಯವರು ಅಲ್ಲಿಯ ಒಂದು ಮಠದಲ್ಲಿ ಸಂಸ್ಕೃತವನ್ನೂ ಶಿವಶಾಸ್ತ್ರವನ್ನೂ ಪಾಠ ಹೇಳುತ್ತಿದ್ದರು. ಗಂಡುಮಕ್ಕಳಿಲ್ಲದ ಅವರು ಆ ಪಾಠವನ್ನು ನನಗೂ ಹೇಳಿದರು. ಗರ್ಭಿಣಿಯನ್ನು ಎರಡು ಹೃದಯವುಳ್ಳವಳು ಎಂದು ಪ್ರಾಚೀನರು ಕರೆದಿರುವುದನ್ನು ನಾನು ಮದುವೆಗೆ ಮೊದಲೇ ಕಲಿತಿದ್ದೆ. ಎರಡು ಹೃದಯದವಳಿಗೆ ಎಷ್ಟು ರೊಟ್ಟಿ ಬೇಕಾಗುತ್ತವೆ ಎಂಬುದನ್ನು ಮಾತ್ರ ಯಾರೂ ಪಾಠ ಹೇಳಿರಲಿಲ್ಲ.

ಮಾವನವರು ನಾನು ಬರುವ ಮೊದಲೇ ಲಿಂಗೈಕ್ಯರಾಗಿದ್ದರು. ಮನೆಯನ್ನೂ ಬಜಾರಿನ ಕಿರಾಣಿ ಅಂಗಡಿಯನ್ನೂ ನಿಜಾಮರ ಕಡೆಗಾಲದ ಗದ್ದಲದಲ್ಲಿ ಕೈಬಿಡದೆ ಕಾದವರು ಅತ್ತೆಯವರು. ಯಾವುದಕ್ಕೂ ಅಂಜದ ಆ ಹೆಂಗಸಿಗೆ ಬಾರಿಹಣ್ಣಿನ ಹೆಸರು ಕೇಳಿದರೆ ಮಾತು ನಿಂತುಹೋಗುತ್ತಿತ್ತು. ಅವರ ಮೊದಲ ಗರ್ಭದಲ್ಲಿ ಬಾರಿಹಣ್ಣು ತಿನ್ನಬೇಕೆಂದು ಆಸೆಯಾಗಿತ್ತಂತೆ. ಹೊಲದ ಬೇಲಿಯ ಹಣ್ಣಿಗಾಗಿ ಆಳನ್ನು ಕಳಿಸಲಾಗದು ಎಂದು ಅವರ ಅತ್ತೆ ಅಂದುಬಿಟ್ಟರಂತೆ. ಆ ಕೂಸು ಹುಟ್ಟಿತು, ಉಳಿಯಲಿಲ್ಲ. ಆಮೇಲೆ ಹುಟ್ಟಿ ಉಳಿದವರು ನನ್ನ ಗಂಡ, ನಮ್ಮ ಮನೆಯವರೊಬ್ಬರೇ. ಈ ಮನೆಯಿಂದ ಇನ್ನು ಯಾವ ಬಯಕೆಯೂ ಬರಿಗೈಯಲ್ಲಿ ಹೊರಳಿ ಹೋಗಬಾರದೆಂದು ಅತ್ತೆಯವರು ಲಿಂಗವನ್ನು ಮುಟ್ಟಿ ಸಂಕಲ್ಪ ಮಾಡಿದ್ದರು.

ನಾನು ಬಸುರಿಯಾದೆನೆಂದು ತಿಳಿದ ದಿನದಿಂದ ಆ ಸಂಕಲ್ಪ ಎಚ್ಚರಗೊಂಡಿತು. ಪೂಜೆ ಮುಗಿಸಿದ ಅತ್ತೆಯವರು ದಿನವೂ ನನ್ನೆದುರು ಬಂದು ಕುಳಿತು, ಏನಾದರೂ ಬೇಕೆನಿಸುತ್ತದೆಯೇ ಎಂದು ಕೇಳುವರು. ಏನೂ ಇಲ್ಲವೆಂದು ನಾನು ಹೇಳುವೆ. ಅದು ನಿಜ. ನನಗೆ ವಾಕರಿಕೆ ಇರಲಿಲ್ಲ, ಹುಳಿಯ ಆಸೆ ಇರಲಿಲ್ಲ. ಇದ್ದದ್ದು ಹಸಿವೆ. ಎರಡು ಜೋಳದ ರೊಟ್ಟಿ ನನ್ನ ಪಾಲಿಗೆ ಬರುತ್ತಿದ್ದವು. ಆ ಎರಡು ಮುಗಿದಾಗ ಊಟ ಈಗಷ್ಟೇ ಪ್ರಾರಂಭವಾಯಿತು ಎಂಬಂತೆ ಹೊಟ್ಟೆ ಕಣ್ಣು ತೆರೆಯುತ್ತಿತ್ತು. ಆದರೆ ಸೊಸೆಯಾದವಳು ಬಯಕೆಯನ್ನು ಬಾಯಿಬಿಟ್ಟು ಹೇಳಬಹುದೇ ಹೊರತು ಹಸಿವೆಯನ್ನು ಹೇಳುವಂತಿಲ್ಲ. ಬಯಕೆ ಹೇಳಿದರೆ ಮಂಗಳ, ಹಸಿವೆ ಹೇಳಿದರೆ ಮನೆತನಕ್ಕೆ ಕುಂದು.

ನಾನು ನಾಚಿಕೆಯಿಂದ ಮುಚ್ಚಿಡುತ್ತಿದ್ದೇನೆಂದು ಅತ್ತೆಯವರು ಭಾವಿಸಿದರು. ನನ್ನ ಕಣ್ಣು ಬೀಳುವ ಕಡೆಗಳಲ್ಲೆಲ್ಲ ಹುಣಸೆಕಾಯಿ, ಮಾವಿನ ಮಿಡಿ, ಕೆಮ್ಮಣ್ಣಿನ ಹೆಂಟೆಗಳನ್ನು ಇಡತೊಡಗಿದರು. ಒಮ್ಮೆ ನಾನು ಅಟ್ಟದ ಕಡೆ ನೋಡಿದೆನೆಂದು ಏಣಿ ಹಾಕಿಸಿ, ಅಲ್ಲಿದ್ದ ಹಳೆಯ ಬೆಲ್ಲದ ಪೆಂಟೆಯನ್ನು ಇಳಿಸಿದರು. ನಾನು ನೋಡಿದ್ದು ಹಲ್ಲಿಯನ್ನು. ಬೆಲ್ಲದ ಚೂರೊಂದನ್ನು ನನ್ನ ಬಾಯಿಗಿಟ್ಟು, ಅದು ಕರಗುವವರೆಗೂ ನನ್ನ ಮುಖವನ್ನೇ ನೋಡಿದರು. ಅಲ್ಲಿ ಯಾವ ತೃಪ್ತಿಯೂ ಕಾಣದೆ ನಿಟ್ಟುಸಿರಿಟ್ಟರು. ಕೂಸು ಏನನ್ನೂ ಕೇಳುವುದಿಲ್ಲವೆಂದರೆ ಮೂಕವೇ ಇರಬಹುದೆಂದು ಅವರಿಗೆ ಅಂಜಿಕೆ ಹತ್ತಿತ್ತು.

ನಾಲ್ಕನೆಯ ತಿಂಗಳಲ್ಲಿ ಮನೆಯವರಿಗೆ ವಾಂತಿ ಹಿಡಿಯಿತು.

ಅವರು ಅಂಗಡಿಯಲ್ಲೇ ಬೆಳೆದವರು. ಕುಸುಬೆ ಎಣ್ಣೆಯ ವಾಸನೆ ಅವರಿಗೆ ತಾಯಿಯ ಸೆರಗಿನ ವಾಸನೆಯಷ್ಟೇ ಪರಿಚಿತ. ಅಂಥವರು ಎಣ್ಣೆಯ ಡಬ್ಬಿ ತೆರೆದರೆ ಸಾಕು, ಬಾಯಿಗೆ ಧೋತರದ ಸೆರಗು ಒತ್ತಿ ಹಿಂದಿನ ಬಾಗಿಲಿಗೆ ಓಡತೊಡಗಿದರು. ವಾಂತಿ ನಿಂತರೆ ಹುಣಸೆಹಣ್ಣಿನ ಚೀಲದ ಪಕ್ಕದಲ್ಲಿ ಕುಳಿತು, ಗಿರಾಕಿಗಳ ಎದುರಿಗೇ ಒಂದೊಂದು ಎಳೆ ಹಿರಿದು ಚೀಪುವರು. ಈ ಸಂಗತಿ ಬಜಾರಿನಿಂದ ಮನೆಗೆ ಬಂದಾಗ ಅತ್ತೆಯವರು ಮಗನನ್ನು ಕರೆಸಿ, ನಾಲಗೆ ತೋರಿಸೆಂದು ಹೇಳಿ, ಬಹಳ ಹೊತ್ತು ನೋಡಿದರು. ಆಮೇಲೆ ದೇವರ ಕೋಣೆಗೆ ಹೋಗಿ ದೀಪ ಹಚ್ಚಿ ಬಂದರು. ಅವರ ಮುಖ ಎಷ್ಟೋ ದಿನಗಳ ಬಳಿಕ ಹಗುರಾಗಿತ್ತು.

"ಕೂಸು ಕೇಳಾಕತ್ತೈತಿ," ಎಂದರು. "ಬಾಯಿ ಯಾರದಾದ್ರೇನು?"

ಅಂದಿನಿಂದ ನಮ್ಮ ಅಡುಗೆಮನೆಯ ಭಾಗ್ಯ ತೆರೆಯಿತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅದರ ಮೇಲೆ ಬೆಣ್ಣೆ, ಪುಂಡಿಪಲ್ಯ, ಎಣಗಾಯಿ, ಶೇಂಗಾದ ಹೋಳಿಗೆ. ರೊಟ್ಟಿ ಬಡಿಯುವವಳು ನಾನು, ನೀಡುವವಳು ನಾನು, ಉಣ್ಣುವವರು ಮನೆಯವರು. ಅವರ ಹೊಟ್ಟೆಯಲ್ಲಿ ಕೂಸು ಇರಲಿಲ್ಲವಾದ್ದರಿಂದ ಜಾಗದ ಪ್ರಶ್ನೆಯೂ ಇರಲಿಲ್ಲ. ಗಂಡ ಉಂಡ ಗಂಗಾಳದಲ್ಲಿಯೇ ಹೆಂಡತಿ ಉಣ್ಣುತ್ತಾಳಷ್ಟೆ, ಆತ ಬಿಟ್ಟದ್ದು ಆಕೆಗೆ ಹೋಗುತ್ತದೆ, ಆಕೆಯಿಂದ ಕೂಸಿಗೆ ಹೋಗುತ್ತದೆ ಎಂಬುದು ಅತ್ತೆಯವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆ ಮನೆಯ ಗಂಡಸರು ಗುರುವಿನಿಂದ ದೀಕ್ಷೆ ಪಡೆದ ನಿಷ್ಠಾವಂತರು. ಲಿಂಗಕ್ಕೆ ಅರ್ಪಿಸಿದ ಮೇಲೆ ಅನ್ನ ಪ್ರಸಾದ. ಪ್ರಸಾದದಲ್ಲಿ ಒಂದಗುಳನ್ನೂ ಬಿಡುವಂತಿಲ್ಲ. ಗಂಗಾಳವನ್ನು ತೊಳೆದು ಆ ನೀರನ್ನೂ ಕುಡಿಯಬೇಕು. ಹೀಗಾಗಿ ನನಗೆ ಪ್ರತಿದಿನವೂ ತೊಳೆದ ಗಂಗಾಳ ಬರುತ್ತಿತ್ತು. ಅದರಲ್ಲಿ ನನ್ನ ಮುಖ ಚೆನ್ನಾಗಿ ಕಾಣುತ್ತಿತ್ತು.

ಮನೆಯವರು ಕರುಣೆಯುಳ್ಳವರು. ಎದುರಿಗೆ ತಾಯಿ ಕುಳಿತಿರುವಾಗ, ಕೊರಳಲ್ಲಿ ಲಿಂಗವಿರುವಾಗ ಅವರು ಏನು ಮಾಡಿಯಾರು? ಅರ್ಪಣೆಗೆ ಮೊದಲೇ ಒಂದು ಹೋಳಿಗೆಯನ್ನು ಅಂಗಿಯ ಕಿಸೆಗೆ ಸೇರಿಸಿ ನನಗೆ ತಂದುಕೊಡುವ ಉಪಾಯವನ್ನು ಹೂಡಿದರು. ತುಪ್ಪವೆಂಬುದು ಗುಟ್ಟನ್ನು ಕಾಯುವ ಪದಾರ್ಥವಲ್ಲ. ಕಿಸೆಯ ಮೇಲೆ ಮೂಡಿದ ಕಲೆಯನ್ನು ಕಂಡ ಅತ್ತೆಯವರು ಹೋಳಿಗೆಯನ್ನು ತಾವೇ ಹೊರತೆಗೆದು, ಹೊತ್ತಲ್ಲದ ಹೊತ್ತಿನಲ್ಲಿಯೂ ಕೂಸು ಕಾಡುತ್ತಿದೆಯೆಂದು ಮರುಗಿ, ಅದನ್ನು ಅಲ್ಲೇ ತಿನ್ನಿಸಿದರು. ಮರುದಿನದಿಂದ ಅಂಗಡಿಗೂ ಒಂದು ಬುತ್ತಿ ಹೋಗತೊಡಗಿತು.

ಚೀಲ ಎತ್ತಬಾರದು, ಮುಸ್ಸಂಜೆಯಲ್ಲಿ ಹುಣಸೆಮರದ ಕೆಳಗೆ ಹಾಯಬಾರದು, ಕುಂಬಳಕಾಯಿ ಒಡೆಯಬಾರದು ಎಂಬ ನಿಷೇಧಗಳು ನನ್ನ ಮೇಲಿಂದ ಅವರ ಮೇಲೆ ಇಳಿದವು. ಗಿರಾಕಿಗಳಿಗೆ ಇದು ಹಬ್ಬವಾಯಿತು. ಸಾಮಾನು ಕಟ್ಟಿಸಿಕೊಳ್ಳುವವರು, ಸಾವುಕಾರ್ರ ತಬಿಯತ್ತು ಹ್ಯಾಂಗೈತ್ರಿ, ಈಗ ಎಷ್ಟರಾಗ ಅದೀರಿ ಎಂದು ಕೇಳುವರು. ಮನೆಯವರು ತಾಳ್ಮೆಯಿಂದ, ಐದರಾಗ ಎಂದು ಉತ್ತರಿಸಿ ತೂಕ ಮಾಡುವರು.

ಕಾಲುವೆಯ ನೀರು ನಮ್ಮ ಕಡೆ ಹರಿಯತೊಡಗಿದ ಹೊಸ ದಿನಗಳವು. ತುರ್ವಿಹಾಳದ ಹತ್ತಿರ ನೀರು ಬಂದಿತೆಂದು ಕೇಳಿ ಊರಿಗೆ ಊರೇ ಬಂಡಿ ಕಟ್ಟಿಕೊಂಡು ನೋಡಲು ಹೋಯಿತು. ನಾವೂ ಹೋದೆವು. ಜೋಳದ ಸೀಮೆಯವರಾದ ನಾವು ಅಷ್ಟು ನೀರು ತಾನಾಗಿ ನಡೆದು ಬರುವುದನ್ನು ಎಂದೂ ಕಂಡವರಲ್ಲ. ಹಿರಿಯರು ಅರಿಷಿಣ ಕುಂಕುಮ ಬಿಟ್ಟು ಕಾಯಿ ಒಡೆದು ಕೈಮುಗಿದರು. ಅಷ್ಟರಲ್ಲಿ ಹಸಿಮಣ್ಣಿನ ವಾಸನೆ ಮನೆಯವರ ಮೂಗಿಗೆ ಹೊಡೆಯಿತು. ಅವರು ದಂಡೆಯಲ್ಲಿ ಮೊಣಕಾಲೂರಿ, ಒಂದು ಚಿಟಿಕೆ ಕೆಸರನ್ನು ತೆಗೆದು ಕಣ್ಮುಚ್ಚಿ ಬಾಯಿಗೆ ಹಾಕಿಕೊಂಡರು. ಹಣೆಯ ಮೇಲೆ ಮೂರೆಳೆ ವಿಭೂತಿ, ನಿಷ್ಠಾವಂತರ ಮನೆತನ; ಇದು ಯಾವುದೋ ವಿಧಿಯಿರಬೇಕೆಂದು ಪಕ್ಕದಲ್ಲಿದ್ದ ಹಿರಿಯರೊಬ್ಬರು ತಾವೂ ಒಂದು ಚಿಟಿಕೆ ತೆಗೆದುಕೊಂಡರು. ಅವರನ್ನು ನೋಡಿ ಮತ್ತೊಬ್ಬರು. ಸ್ವಲ್ಪ ಹೊತ್ತಿನಲ್ಲಿ ದಂಡೆಯುದ್ದಕ್ಕೂ ಜನ ಭಕ್ತಿಯಿಂದ ಮಣ್ಣು ತಿನ್ನುತ್ತಿದ್ದರು, ಮಕ್ಕಳಿಗೂ ನೆಕ್ಕಿಸುತ್ತಿದ್ದರು. ಮನೆಯವರು ಕಣ್ಣು ತೆರೆದು ಇದನ್ನು ಕಂಡು ಗಾಬರಿಗೊಂಡರು. ಅತ್ತೆಯವರು ಮಾತ್ರ ಸೆರಗಿನ ತುದಿಯಲ್ಲಿ ಇನ್ನಷ್ಟು ಮಣ್ಣು ಕಟ್ಟಿಕೊಂಡು ಬಂಡಿ ಹತ್ತಿದರು.

ಮುಂದೊಂದು ದಿನ ಮಸ್ಕಿಯ ಸಂತೆಯಲ್ಲಿ ಕರಿಯುವ ಮೆಣಸಿನಕಾಯಿ ಭಜಿಯೇ ಬೇಕೆಂದಿತು ಕೂಸು. ಅತ್ತೆಯವರು ತಾವೇ ಬಸ್ಸು ಹತ್ತಿ ಹೋಗಿ, ಭಜಿಯನ್ನು ಎಲೆಯಲ್ಲಿ ಕಟ್ಟಿಸಿ, ಬಿಸಿ ಆರಬಾರದೆಂದು ಮಡಿಲಲ್ಲಿಟ್ಟುಕೊಂಡು ತಂದರು. ಅವರು ಮನೆ ಮುಟ್ಟುವ ಹೊತ್ತಿಗೆ ಬಯಕೆ ಮಸ್ಕಿಯನ್ನು ಬಿಟ್ಟು ಉಪ್ಪಿನಕಾಯಿಯ ಭರಣಿಗೆ ಬಂದಿತ್ತು. ಆ ಭಜಿಯನ್ನಾದರೂ ನನಗೆ ಕೊಡುವರೇನೋ ಎಂದು ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಬಸುರಿಗೆ ಎಣ್ಣೆಯ ಪದಾರ್ಥ ಉಷ್ಣವೆಂದು ಅದನ್ನು ಎಮ್ಮೆಗೆ ಹಾಕಲಾಯಿತು.

ಮನೆಯವರು ತುಂಬಿಕೊಂಡರು, ಅವರ ಅಂಗಿಗಳ ಗುಂಡಿ ಕೂಡದಾಯಿತು. ನಾನು ಒಲೆಯ ಮುಂದಿನಿಂದ ಏಳುವಾಗ ಗೋಡೆ ಹಿಡಿಯತೊಡಗಿದೆ. ನಿಂತಲ್ಲಿಯೇ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ತಿಂಗಳಿಗೆ ತಕ್ಕಷ್ಟು ಹೊಟ್ಟೆ ಬಂದಿಲ್ಲವೆಂದು ನೀರಿಗೆ ಹೋದಲ್ಲಿ ಹೆಂಗಸರು ಆಡಿಕೊಂಡರು. ಆ ಮಾತು ಅತ್ತೆಯವರನ್ನು ಮುಟ್ಟಿತು. ಅವರು ರಾತ್ರಿ ಸರಿಯಾಗಿ ನಿದ್ದೆ ಮಾಡುತ್ತಿರಲಿಲ್ಲವೆಂದು ನಾನು ಬಲ್ಲೆ. ಆ ಮೊದಲ ಕೂಸು ಅವರ ಕಣ್ಣ ಮುಂದೆ ಬಂದಿರಬೇಕು. ಯಾವುದೋ ಬಯಕೆ ಇನ್ನೂ ತೀರದೆ ಉಳಿದಿದೆಯೆಂದು ನಿಶ್ಚಯಿಸಿ, ಮಗನಿಗೆ ಇನ್ನೊಂದು ಹೊತ್ತಿನ ಊಟವನ್ನು ಹೆಚ್ಚಿಸಿದರು. ನನ್ನೊಳಗಿನ ಜೀವ ಒಮ್ಮೊಮ್ಮೆ ದಿನವೆಲ್ಲ ಮಿಸುಕುತ್ತಿರಲಿಲ್ಲ. ಆಗ ನಾನು ಶಿವನನ್ನು ನೆನೆದು ಒಂದು ತಂಬಿಗೆ ನೀರು ಕುಡಿಯುವೆ. ನೀರಿಗೆ ಅದು ಮಿಸುಕುವುದು.

ಏಳನೆಯ ತಿಂಗಳಲ್ಲಿ ಕುಬಸದ ಕಾರ್ಯ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ತವರಿನವರು ತಂದ ಬುತ್ತಿ ಬಿಚ್ಚಿ ಆರತಿ ಮಾಡುವ ದಿನ. ತಂದೆಯವರು ಲಿಂಗಸುಗೂರಿನಿಂದ ಬಸ್ಸಿನಲ್ಲಿ ಬಂದರು. ತಲೆಯ ಮೇಲೆ ಬುತ್ತಿಯ ದೊಡ್ಡ ಬುಟ್ಟಿ, ಹೆಗಲಿಗೆ ಪೋಥಿ ಪುಸ್ತಕಗಳನ್ನಿಡುವ ಹಳೆಯ ಕಾವಿ ಜೋಳಿಗೆ. ಬಳೆಗಾರ ನನ್ನ ಕೈಗೆ ತೊಡಿಸಿದ ಬಳೆಗಳು ಮೊಣಕೈಗೆ ಸರಿದು ಹೋದವು. ಆತ ಮತ್ತೆ ಪೆಟ್ಟಿಗೆ ತೆರೆದು ಸಣ್ಣ ಹುಡುಗಿಯರ ಅಳತೆಯವನ್ನು ಹುಡುಕಿದ, ಹಸಿರಿನವು ಸಿಗಲಿಲ್ಲ. ತಂದೆಯವರು ಅದನ್ನು ನೋಡಿದರು.

ಪಂಡಿತರು ಮನೆಗೆ ಬಂದಿರುವಾಗ ಸಂಶಯ ಉಳಿಯಬಾರದೆಂದು ಅತ್ತೆಯವರು ಅವರನ್ನು ಕೇಳಿಯೇಬಿಟ್ಟರು. ತಾಯಿಗೆ ಬರಬೇಕಾದ ಬಯಕೆ ತಂದೆಗೆ ಬಂದಿದೆ, ಇದಕ್ಕೆ ಶಾಸ್ತ್ರದಲ್ಲಿ ಆಧಾರ ಉಂಟೇ? ತಂದೆಯವರು ಕಣ್ಮುಚ್ಚಿ ಓದಿದ್ದನ್ನೆಲ್ಲ ನೆನೆದರು. ತಿಳಿಯದ್ದನ್ನು ತಿಳಿದಂತೆ ಹೇಳುವವರಲ್ಲ ಅವರು, ಇಲ್ಲದ ನಿಷೇಧವನ್ನು ಹೇರುವವರೂ ಅಲ್ಲ.

"ಕೂಸಿನ ಬಯಕಿ ತಾಯಿ ಬಾಯಿಲೆ ಬರ್ತೈತಿ ಅಂತ ಹೇಳ್ಯಾರ್ರಿ ಬೀಗತಿ," ಎಂದರು. "ತಂದಿ ಬಾಯಿಲೆ ಬರಬಾರದು ಅಂತ ನಾ ಓದಿದ್ರಾಗ ಎಲ್ಲೂ ಹೇಳಿಲ್ರಿ."

ಆ ಮಾತು ಸಾಕಾಯಿತು. ನನ್ನ ಪಕ್ಕದಲ್ಲಿ ಇನ್ನೊಂದು ಮಣೆ ಬಂತು. ಮನೆಯವರನ್ನು ಅದರ ಮೇಲೆ ಕೂಡಿಸಿ, ತಲೆಗೆ ಹಸಿರು ರುಮಾಲು ಸುತ್ತಿ, ಉಡಿಯಲ್ಲಿ ಅಕ್ಕಿ, ಉತ್ತತ್ತಿ, ಕೊಬ್ಬರಿ ಹಾಕಿದರು. ಓಣಿಯ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಬಾಣಂತಿತನಕ್ಕ ಇವರನ್ನ ಯಾವ ತವರಿಗಿ ಕಳಸ್ತೀ ಬೇ?" ಎಂದಳು ಒಬ್ಬ ಮುದುಕಿ. ಅತ್ತೆಯವರು ಮಗನ ಉಡಿಗೆ ಇನ್ನೊಂದು ಹಿಡಿ ಅಕ್ಕಿ ಹಾಕಿದರು.

ಆರತಿಗೆ ಮೊದಲು ಬಯಕೆಯನ್ನು ಬಾಯಿಂದ ಹೇಳಿಸುವುದು ರೂಢಿ. ಅಂದು ಹೇಳಿದ್ದನ್ನು ಅಂದೇ ತೀರಿಸಬೇಕು. ಅತ್ತೆಯವರು ಮೊದಲು ಮಗನನ್ನೇ ಕೇಳಿದರು. ಮನೆಯವರು ನನ್ನ ಮೊಣಕೈಯಲ್ಲಿ ನಿಂತಿದ್ದ ಬಳೆಗಳನ್ನು ನೋಡಿ, ತಲೆ ತಗ್ಗಿಸಿದರು.

"ನನಗೇನೂ ಬ್ಯಾಡವ್ವ. ಆಕಿನ್ನ ಕೇಳು."

ಕೇಳಿದರು. ಏನೂ ಇಲ್ಲವೆಂಬ ಮಾತು ಅಭ್ಯಾಸದಿಂದ ನನ್ನ ತುಟಿಯವರೆಗೆ ಬಂದಿತ್ತು. ಅಷ್ಟರಲ್ಲಿ ಎದುರಿಗೆ ಗೂಟಕ್ಕೆ ಹಾಕಿದ ತಂದೆಯವರ ಜೋಳಿಗೆ ಕಣ್ಣಿಗೆ ಬಿತ್ತು. ನಾನು ಚಿಕ್ಕವಳಿದ್ದಾಗ ಮಠದ ಭಿಕ್ಷೆಗೆ ಅದೇ ಜೋಳಿಗೆ ಹೋಗುತ್ತಿತ್ತು. ಮಧ್ಯಾಹ್ನ ಅದನ್ನು ಬಿಚ್ಚಿದರೆ ಊರಿನ ಒಲೆಗಳೆಲ್ಲ ಒಟ್ಟಿಗೆ ತೆರೆದಂತೆ: ದಪ್ಪ ರೊಟ್ಟಿ, ತೆಳ್ಳನೆಯ ರೊಟ್ಟಿ, ಒಂದು ಬದಿ ಸೀದದ್ದು, ಉಪ್ಪು ಹಾಕಿದ್ದು, ಎಳ್ಳು ಹಚ್ಚಿದ್ದು. ಪಾಠ ಮುಗಿಸಿದ ನಾವೆಲ್ಲ ಸುತ್ತ ಕುಳಿತು, ಸಾಕೆನ್ನುವವರೆಗೆ ತಿನ್ನುತ್ತಿದ್ದೆವು. ಅಲ್ಲಿ ಯಾರ ಪಾಲು ಎಷ್ಟು ಎಂಬ ಮಾತೇ ಇರಲಿಲ್ಲ.

"ಜೋಳಗಿ ರೊಟ್ಟಿ ತಿನ್ನಬೇಕನ್ನಸತೈತ್ರಿ ಅತ್ತಿ," ಎಂದೆ. "ಊರ ಭಿಕ್ಷಾದ್ದು."

ಮನೆಯ ನೆಲದೊಳಗೆ ಜೋಳದ ಹಗೇವು ತುಂಬಿತ್ತು, ಎದುರಿಗೆ ತವರಿನ ಬುತ್ತಿ ಬಿಚ್ಚದೆ ಕುಳಿತಿತ್ತು, ಕಿರಾಣಿ ಸಾವುಕಾರರ ಸೊಸೆ ಭಿಕ್ಷೆಯ ರೊಟ್ಟಿಯನ್ನು ಬಯಸಿದ್ದಳು. ಯಾರಾದರೂ ಜಂಗಮ ಅಯ್ಯನವರನ್ನು ಕಳಿಸಿ ತರಿಸಬಹುದೆಂದು ಒಬ್ಬರೆಂದರು, ನೆರೆಮನೆಯಿಂದ ಕೈಗಡ ತರಬಹುದೆಂದು ಇನ್ನೊಬ್ಬರೆಂದರು. ಅತ್ತೆಯವರು ಅವರ ಮಾತನ್ನು ತಡೆದರು.

"ಬಯಕಿ ಈ ಮನೀದು. ಬೇಡೂ ಕೈಯೂ ಈ ಮನೀದ ಆಗಬೇಕು."

ತಂದೆಯವರು ಎದ್ದು, ಪೋಥಿಗಳನ್ನು ಒಂದೊಂದಾಗಿ ಹೊರಗಿಟ್ಟು, ಬರಿದಾದ ಜೋಳಿಗೆಯನ್ನು ಎರಡೂ ಕೈಯಿಂದ ಕೊಟ್ಟರು. ಅತ್ತೆಯವರು ವಿಭೂತಿ ಧರಿಸಿ, ಜೋಳಿಗೆಯನ್ನು ಹೆಗಲಿಗೆ ಹಾಕಿ, ಚಪ್ಪಲಿ ಬಿಟ್ಟು ಹೊರಟರು.

ಮುಂದಿನದನ್ನು ನಾನು ಓಣಿಯವರಿಂದ ಕೇಳಿದ್ದು. ಮೊದಲ ಮನೆಯವರು ಅಂಗಡಿ ಮುಳುಗಿತೆಂದೇ ತಿಳಿದು ಅತ್ತರಂತೆ. ಎರಡನೆಯ ಮನೆಯವರು ಮೊರದ ತುಂಬ ಜೋಳ ತಂದರೆ, ಅತ್ತೆಯವರು ಜೋಳ ಬೇಡ, ರೊಟ್ಟಿ ಕೊಡಿ ಎಂದು ಕೈಯೊಡ್ಡಿಯೇ ನಿಂತರಂತೆ. ಭಿಕ್ಷೆಗೆ ಹೊರಟವರು ನಡುವೆ ಮನೆ ಬಿಡುವಂತಿಲ್ಲ. ಗಟಾರದ ಜಗಳದಿಂದ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಮನೆಯ ಬಾಗಿಲಲ್ಲಿಯೂ ಅವರು ನಿಂತು, "ಭಿಕ್ಷಾ ಹಾಕವ್ವ, ಸೊಸಿ ಬಸುರದಾಳ" ಎಂದರಂತೆ. ಆ ಹೆಂಗಸು ಒಳಗೆ ಹೋಗಿ, ಆರಿದ ಒಲೆಯನ್ನು ಮತ್ತೆ ಹೊತ್ತಿಸಿ, ಹೊಸದಾಗಿ ಬಡಿದು ಬಿಸಿ ರೊಟ್ಟಿಯನ್ನೇ ಹಾಕಿದಳಂತೆ.

ಅತ್ತೆಯವರು ಮರಳಿ ಬಂದು ಜೋಳಿಗೆಯನ್ನು ನನ್ನೆದುರು ಬಿಚ್ಚಿದರು. ಬಿಸಿಲಿಗೆ ಅವರ ಮುಖ ಕೆಂಪಾಗಿತ್ತು. ನಾನು ಲಿಂಗಕ್ಕೆ ತೋರಿಸಿ ತಿನ್ನತೊಡಗಿದೆ. ಅದು ಬಯಕೆಯಾದ್ದರಿಂದ ಕಡಿಮೆ ನೀಡುವಂತಿಲ್ಲ, ಭಿಕ್ಷೆಯ ಪ್ರಸಾದವಾದ್ದರಿಂದ ಸಾಕೆಂದು ತಡೆಯುವಂತಿಲ್ಲ. ದಪ್ಪದ್ದನ್ನು ತಿಂದೆ, ಸೀದದ್ದನ್ನು ತಿಂದೆ, ಗಟಾರದ ಜಗಳದ ಮನೆಯದನ್ನು ತಿಂದೆ. ಅಗಸೆ ಹಿಂಡಿಯ ಚಟ್ನಿಯೂ ಮೊಸರೂ ತಾವಾಗಿ ಪಕ್ಕಕ್ಕೆ ಬಂದವು. ಸಾಕೇ ಎಂದು ಅತ್ತೆಯವರು ಒಮ್ಮೆ ಕೇಳಿದರು. ನನಗೆ ಸಾಕೆನ್ನಲಾಗಲಿಲ್ಲ, ಬೇಕೆನ್ನುವ ಅಧಿಕಾರವಿರಲಿಲ್ಲ. ಅವರು ಇನ್ನೊಂದು ಮುರಿದು ಹಾಕಿದರು. ಹೆಂಗಸರ ನಗೆ ಯಾವಾಗಲೋ ನಿಂತಿತ್ತು.

"ತಂಗಿ," ಎಂದರು ಅತ್ತೆಯವರು ನನಗೆ ಮಾತ್ರ ಕೇಳುವಂತೆ, "ಬಯಕಿ ಎರಡು ತುತ್ತಿಗಿ ತೀರತೈತಿ. ಇದು ಬಯಕಿ ಉಣ್ಣೂ ರೀತಿ ಅಲ್ಲ. ನೀ ಹಸದೀಯೇನ?"

"ಹೂಂರಿ."

"ಯಾವಾಗಿಂದ?"

"ಮದಲಿಂದ್ರಿ ಅತ್ತಿ."

ಅವರು ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ನೋಡುತ್ತ ಕುಳಿತರು. ತಮ್ಮಷ್ಟಕ್ಕೆ ತಾವೇ ಎಂಬಂತೆ ಅಂದರು: "ಆವಾಗ ನಾನೂ ಹಸದಿದ್ದೆ ಬೇ. ಹಸಿವಿ ಅನ್ನಾಕ ಬರ್ತಿರಲಿಲ್ಲ. ಬಾರಿಹಣ್ಣು ಅಂದಿದ್ದೆ."

ಅಷ್ಟರಲ್ಲಿ ಹಸಿರು ರುಮಾಲಿನ ಮನೆಯವರು ಮಣೆಯಿಂದ ಮುಂದಕ್ಕೆ ಬಾಗಿ, ಆ ಸೀದ ರೊಟ್ಟಿಯಲ್ಲಿ ಒಂದು ಚೂರು ಉಳಿದಿದೆಯೇ ಎಂದು ಮೆಲ್ಲಗೆ ಕೇಳಿದರು. ಅತ್ತೆಯವರು ತಿರುಗಿ ನೋಡಲಿಲ್ಲ.

"ನಿನ್ನ ಬಯಕಿ ಇವತ್ತಿಗಿ ತೀರಿತಪ್ಪ. ಅಂಗಡಿಗಿ ನಡಿ."

ತಂದೆಯವರು ಮರುದಿನ ಪೋಥಿಗಳನ್ನು ಪಂಚೆಯಲ್ಲಿ ಕಟ್ಟಿಕೊಂಡು ಊರಿಗೆ ಹೋದರು. ಜೋಳಿಗೆ ನಮ್ಮ ಅಡುಗೆಮನೆಯ ಗೂಟದಲ್ಲಿ ಉಳಿಯಿತು. ಅತ್ತೆಯವರು ತಮ್ಮ ನಿಯಮಗಳಲ್ಲಿ ಒಂದನ್ನೂ ಹಿಂತೆಗೆದುಕೊಳ್ಳಲಿಲ್ಲ. ಬಸುರಿ ಹೊಟ್ಟೆ ತುಂಬ ಉಣ್ಣಬಾರದೆಂದು ಓಣಿಯ ಸೊಸೆಯರಿಗೆ ಆಮೇಲೆಯೂ ಹೇಳುತ್ತಿ‌ದ್ದರು. ಆದರೆ ಗಂಡಸರ ಊಟಕ್ಕೆ ಮೊದಲೇ, ಲಿಂಗಾರ್ಪಣೆಗೂ ಗಂಗಾಳಕ್ಕೂ ಸಿಗದಂತೆ, ಬಿಸಿ ರೊಟ್ಟಿಗಳು ಆ ಜೋಳಿಗೆಗೆ ಬೀಳುತ್ತಿದ್ದವು. ಎಷ್ಟು ಹಾಕಿದೆನೆಂದು ಅವರು ಹೇಳಲಿಲ್ಲ, ಎಷ್ಟು ತಿಂದೆಯೆಂದು ಕೇಳಲಿಲ್ಲ. ಜೋಳಿಗೆಯಲ್ಲಿದ್ದದ್ದು ಭಿಕ್ಷೆ, ಅದಕ್ಕೆ ಮನೆಯ ನಿಯಮ ಹತ್ತುವುದಿಲ್ಲ. ಒಮ್ಮೊಮ್ಮೆ ಗಟಾರದಾಚೆಯ ಮನೆಯಿಂದಲೂ ಒಂದು ತೆಳ್ಳನೆಯ ರೊಟ್ಟಿ ಬಂದು ಅದರೊಳಗೆ ಸೇರಿರುತ್ತಿತ್ತು.

ತವರಿನಲ್ಲಿ ತಾಯಿಯಿಲ್ಲದ ನನಗೆ ಸಿಂಧನೂರಿನಲ್ಲಿಯೇ ಹೆಣ್ಣು ಕೂಸು ಹುಟ್ಟಿತು. ಅದರ ಕಿವಿ ಎಂದೂ ಸೋರಲಿಲ್ಲ. ಹುಟ್ಟಿದಾಗಲೇ ಅದರ ದನಿ ಬಜಾರಿನವರೆಗೆ ಕೇಳಿಸಿತೆಂದು ಹೇಳುತ್ತಾರೆ. ತೊಟ್ಟಿಲ ಹಗ್ಗ ಹಿಡಿದ ಅತ್ತೆಯವರು, ಕೂಸು ಬಯಕೆಗಾಗಿ ಅಳುತ್ತಿದೆಯೋ ಹಸಿವೆಗಾಗಿ ಅಳುತ್ತಿದೆಯೋ ಎಂದು ಒಂದು ಸಲವೂ ವಿಚಾರಿಸದೆ, ಮೊದಲು ಅದನ್ನು ಎತ್ತಿ ನನ್ನ ಮಡಿಲಿಗೆ ಹಾಕುತ್ತಿದ್ದರು.